ಲಾರಿ ಬೇರಿಂಗಿನ ತೆನೆಗೆ ಜಾಗ ಹುಡುಕಿದ್ದು

2004ರ ಚಳಿಗಾಲದಲ್ಲಿ ನಾನು ಬಸವಕಲ್ಯಾಣದ ಏಕೈಕ ಸಾರ್ವಜನಿಕ ಕಲಾ ಸಲಹೆಗಾರನಾಗಿದ್ದೆ. ಏಕೈಕ ಎಂದರೆ ಯಾರನ್ನೋ ಸೋಲಿಸಿ ಬಂದವನಲ್ಲ. ಅಂಥದೊಂದು ಹುದ್ದೆ ಇರಬಹುದೆಂಬ ಅನುಮಾನವೇ ಊರಿನಲ್ಲಿ ಬೇರೆ ಯಾರಿಗೂ ಬಂದಿರಲಿಲ್ಲ. ಗುಲ್ಬರ್ಗಾದಲ್ಲಿ ಚಿತ್ರಕಲೆ ಓದಿ, ರಾಜೇಶ್ವರದ ನಮ್ಮ ಮನೆಗೆ ವಾಪಸು ಬಂದು, ಕಲ್ಯಾಣದ ಲಾರಿ ಗ್ಯಾರೇಜುಗಳಲ್ಲಿ ನಂಬರ್ ಪ್ಲೇಟ್ ಬರೆದು ಬದುಕುತ್ತಿದ್ದೆ. ಒಮ್ಮೆ ಒಂದೇ ಲಾರಿಗೆ ಮುಂದೊಂದು ನಂಬರು, ಹಿಂದೊಂದು ನಂಬರು ಬರೆದುಬಿಟ್ಟೆ. ಗಡಿಯ ನಾಕಾದಲ್ಲಿ ಆ ಡ್ರೈವರನಿಗೆ ಎರಡು ಲಾರಿಯ ಸುಂಕ ಕೇಳಿದರಂತೆ. ನನ್ನ ಹೆಸರು ಪ್ರಸಿದ್ಧಿಗೆ ಬಂದದ್ದು ಹೀಗೆ. ಅಂದಿನಿಂದ ಊರಿಗೆಲ್ಲ ನಾನು ‘ಪೇಂಟರ್’.

ಆ ಪ್ರಸಿದ್ಧಿಯನ್ನು ನೋಡಿಯೂ ನನ್ನನ್ನು ಕರೆದು ಕೆಲಸ ಕೊಟ್ಟವರು ಶಿವಶರಣಪ್ಪ ಸಾವ್ಕಾರರು. ತೊಗರಿ, ಉದ್ದಿನ ವ್ಯಾಪಾರಿ. ಊರನ್ನು ಚಂದ ಮಾಡಬೇಕೆಂದು ಕೆಲವು ಅಂಗಡಿಕಾರರು ಕಟ್ಟಿಕೊಂಡಿದ್ದ ಸಮಿತಿಯ ಮುಖ್ಯಸ್ಥರು. ಮೂರು ರಸ್ತೆ ಕೂಡುವ ಜಾಗದಲ್ಲಿ ಏನಾದರೊಂದು ನಿಲ್ಲಿಸಬೇಕೆಂದು ಸಮಿತಿ ಮೊದಲ ದಿನವೇ ತೀರ್ಮಾನಿಸಿತ್ತು. ಯಾರ ಮೂರ್ತಿ ಎಂದು ತೀರ್ಮಾನಿಸಲು ಕೂತವರು ಮಾತ್ರ ಒಬ್ಬರ ಮುಖ ಒಬ್ಬರು ನೋಡದಂತಾದರು. ಕೊನೆಗೆ ಸಾವ್ಕಾರರು ಜೋಳದ ತೆನೆ ಮಾಡಿಸೋಣ ಎಂದರು. ರೊಟ್ಟಿ ಎಲ್ಲರ ಮನೆಯಲ್ಲೂ ಬೇಯುತ್ತದೆ, ಜಗಳಕ್ಕೆ ಬರುವವರು ಯಾರು ಎಂಬುದು ಅವರ ಲೆಕ್ಕ.

ತೆನೆ ಮಾಡಿದವನು ಮೆಹಬೂಬ್ ಮಿಸ್ತ್ರಿ, ಲಾರಿಗೆ ಬಾಡಿ ಕಟ್ಟುವ ವೆಲ್ಡರ್. ಹಳೇ ಲಾರಿಯ ಜಾಯಿಂಟ್ ಪೈಪು ದಂಟಾಯಿತು. ಚಕ್ರದ ಮೇಲಿನ ಕಮಾನು ಪಟ್ಟಿಗಳು ಎಲೆಗಳಾದವು. ಕಾಳಿನ ಜಾಗಕ್ಕೆ ಬೇರಿಂಗಿನ ಉಕ್ಕಿನ ಗುಂಡುಗಳನ್ನು ಒಂದೊಂದಾಗಿ ಬೆಸೆದಿದ್ದ. ಎರಡಾಳಿನ ಎತ್ತರ. ಗ್ಯಾರೇಜಿನಲ್ಲಿ ಅದರ ಮೇಲೆ ಬಿಸಿಲು ಬಿದ್ದಾಗ ರಿಪೇರಿಗೆ ಬಂದ ಡ್ರೈವರುಗಳು ಚಹಾ ಮರೆತು ನಿಲ್ಲುತ್ತಿದ್ದರು.

“ಹುಮನಾಬಾದದ ಒಬ್ಬ ಸೇಠ್ ಬಂದು ನೋಡಿ ಹೋಗ್ಯಾನ ಪೇಂಟರ್ ಭಾಯ್,” ಎಂದ ಮಿಸ್ತ್ರಿ. “ನಿಮ್ಮ ಸಾವ್ಕಾರ್ರು ಜಲ್ದಿ ನಿಂದ್ರಸ್ಲಿಲ್ಲಂದ್ರ ನಾ ಒಯ್ತೀನಿ ಅಂದಾನ.”

ಈ ಮಾತು ಕಿವಿಗೆ ಬಿದ್ದ ದಿನ ಸಾವ್ಕಾರರಿಗೆ ಊಟ ಸೇರಲಿಲ್ಲ. ದೊಡ್ಡ ಹೆದ್ದಾರಿ ಹುಮನಾಬಾದಿನೊಳಗಿಂದಲೇ ಹಾದುಹೋಗುತ್ತದೆ, ನಮ್ಮ ಊರು ಒಳಗೆ ಉಳಿಯುತ್ತದೆ. ಈ ಸಂಕಟ ಅವರಿಗೆ ಹುಟ್ಟಿನಿಂದಲೇ ಇತ್ತು. ಹೆದ್ದಾರಿಯ ಜೊತೆ ತೆನೆಯೂ ಅಲ್ಲಿಗೇ ಹೋದರೆ ಹೇಗೆ? ನನ್ನನ್ನು ಕರೆಸಿ ಒಂದೇ ಷರತ್ತು ಹೇಳಿದರು. “ಹುಮನಾಬಾದದಿಂದ ಬಸ್ಸಿನ್ಯಾಗ ಬಂದು ಇಳದಾಂವ ಮೊದಲ ಕಣ್ಣು ಹಾಕೋದು ನಮ್ಮ ತೆನಿ ಮ್ಯಾಲೇ ಆಗಬೇಕು. ಜಾಗ ನೀ ಹುಡುಕು.”

ಜಾಗ ಹುಡುಕುವುದೆಂದರೆ ನಮ್ಮ ವೃತ್ತಿಯಲ್ಲಿ ಅದೇ ಒಂದು ವಿದ್ಯೆ. ನೋಡುವವನ ಕಣ್ಣಿನಿಂದ ಶಿಲ್ಪದವರೆಗೆ ಅಡ್ಡವಿಲ್ಲದ ಗೆರೆ ಹೋಗಬೇಕು. ಇದಕ್ಕೆ ಸೈಟ್ ಲೈನ್ ಎನ್ನುತ್ತಾರೆ. ಕಾಲೇಜಿನಲ್ಲಿ ಈ ಪಾಠ ಮಾಡಿದ ದಿನ ನಾನು ಹಿಂದಿನ ಬೆಂಚಿನಲ್ಲಿ ಮೇಷ್ಟ್ರ ಮೂಗಿನ ಚಿತ್ರ ಬರೆಯುತ್ತಿದ್ದೆನಾದರೂ ಆ ಪದ ಮಾತ್ರ ನೆನಪಿತ್ತು. ಹಾಗಾಗಿ ಒಂದು ವಾರ ಸರ್ವೆ ಮಾಡಿದೆ. ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ಛತ್ರಿ, ಕಿವಿಯ ಮೇಲೆ ಪೆನ್ಸಿಲ್. ನಾನು ರಸ್ತೆಯಲ್ಲಿ ಒಂದು ಕಣ್ಣು ಮುಚ್ಚಿ ನಡೆಯುವುದನ್ನು ಕಂಡು ಔಷಧಿ ಅಂಗಡಿಯವನು ಎರಡು ಸಲ ಕಣ್ಣಿಗೆ ಹಾಕುವ ಡ್ರಾಪ್ಸ್ ತಂದುಕೊಟ್ಟ.

ರಾಜೇಶ್ವರದಿಂದ ನಾನು ಬರುತ್ತಿದ್ದದ್ದು ಊಟ ಮುಗಿಸಿ, ಹತ್ತು ಗಂಟೆಯ ನಂತರದ ಬಸ್ಸಿಗೆ. ಬಸ್ಸು ನಿಲ್ಲುವಲ್ಲಿಂದ ನೇರ ಎದುರಿಗೆ, ಚಹಾದಂಗಡಿಯ ಪಕ್ಕ, ಅಗಲವಾದ ಮಣ್ಣಿನ ಜಾಗ ಒಂದಿತ್ತು. ನಾನು ಹೋದಾಗಲೆಲ್ಲ ಅಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ನಾಯಿಯೂ ಮಲಗಿರುತ್ತಿತ್ತು. ನಕ್ಷೆಯಲ್ಲಿ ಆ ಜಾಗಕ್ಕೆ ಹಳದಿ ಬಣ್ಣ ತುಂಬಿ ‘ಖಾಲಿ ಜಾಗ’ ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಅಕ್ಷರ ಚೆನ್ನಾಗಿ ಬಂದಿತ್ತು. ಸಾವ್ಕಾರರು ಸೈ ಎಂದರು.

ಆದರೂ ನನಗೆ ವಿದ್ಯೆ ಪೂರ್ತಿ ತೋರಿಸಬೇಕಿತ್ತು. ಶಿಲ್ಪ ನಿಲ್ಲಿಸುವ ಮೊದಲು ಅದೇ ಅಳತೆಯ ಹಗುರವಾದ ಡಮ್ಮಿಯನ್ನು ಅದೇ ಜಾಗದಲ್ಲಿಟ್ಟು, ದೂರದಿಂದ, ಹತ್ತಿರದಿಂದ, ಬಸ್ಸಿನೊಳಗಿಂದ ನೋಡಬೇಕು. ಅದಕ್ಕೆ ಮಾಕಪ್ ಎನ್ನುತ್ತಾರೆ. ಬಿದಿರು ಕಟ್ಟಿಸಿ ತೆನೆಯಷ್ಟೆತ್ತರದ ಚೌಕಟ್ಟು ಮಾಡಿಸಿದೆ. ಕೆಳಗೆ ಇಟ್ಟಿಗೆ ಜೋಡಿಸಿ ಕಟ್ಟೆ ಮಾಡಿಸಿದೆ. ಬರೀ ಬಿದಿರು ದೂರಕ್ಕೆ ಕಾಣುವುದಿಲ್ಲವೆಂದು ಶಾಮಿಯಾನದವರಿಂದ ಬಿಳಿ ಬಟ್ಟೆ ತಂದು ಮೇಲಿನಿಂದ ಕೆಳಗಿನವರೆಗೆ ಸುತ್ತಿ, ಗಾಳಿಗೆ ಹಾರದಂತೆ ಸೊಂಟಕ್ಕೊಂದು ಹಗ್ಗ ಬಿಗಿದೆ. ಸಂಜೆ ದೂರದಿಂದ ನೋಡಿ, ನನ್ನ ಭುಜ ನಾನೇ ತಟ್ಟಿಕೊಂಡು, ಕೊನೆಯ ಬಸ್ಸಿಗೆ ಊರಿಗೆ ಹೋದೆ.

ನಮ್ಮ ಕಡೆ ಚೌಕಿನಲ್ಲಿ, ಕಟ್ಟೆಯ ಮೇಲೆ, ಬಿಳಿ ಬಟ್ಟೆ ಸುತ್ತಿ ನಿಲ್ಲಿಸಿದ ವಸ್ತುವಿಗೆ ಇರುವುದು ಒಂದೇ ಅರ್ಥ. ಹಾಲು ಕುಡಿಯುವ ಕೂಸಿಗೂ ಅದು ಗೊತ್ತು. ಕಲಾ ಸಲಹೆಗಾರನೊಬ್ಬನಿಗೆ ಹೊಳೆದಿರಲಿಲ್ಲ.

ಮರುದಿನ ನಾನು ಬಸ್ಸಿಳಿದಾಗ ರಸ್ತೆಯ ತುಂಬ ಜನ. ಎಲ್ಲರೂ ಕತ್ತೆತ್ತಿ ನನ್ನ ಬಿದಿರನ್ನೇ ನೋಡುತ್ತಿದ್ದರು. ನನ್ನ ಮಾಕಪ್ಪಿಗೆ ಇಷ್ಟು ಪ್ರೇಕ್ಷಕರೇ ಎಂದು ಮೊದಲ ಕ್ಷಣ ಎದೆ ಉಬ್ಬಿತು. ಎರಡನೇ ಕ್ಷಣ ಮಾತು ಕಿವಿಗೆ ಬಿತ್ತು.

“ಎತ್ತರ ನೋಡಿದ್ರ ಕುದುರಿ ಮ್ಯಾಲ ಕುಂತೋರು ಇರಬೇಕು,” ಎಂದರು ರುಮಾಲಿನ ಮುದುಕರೊಬ್ಬರು.

“ಕುದುರಿ ಇದ್ರ ಇನ್ನೂ ಅಗಲ ಇರ್ತಿತ್ತು ಕಾಕಾ. ಇವ್ರು ನಿಂತೋರು. ಕೈ ಮ್ಯಾಲ ಎತ್ಯಾರ ನೋಡ್ರಿ,” ಎಂದ ಪಕ್ಕದವನು. ಅವನು ತೋರಿಸಿದ್ದು ನಾನು ಕತ್ತರಿಸಲು ಮರೆತ ಬಿದಿರಿನ ತುದಿ.

“ಚಷ್ಮಾ ಅದ ಏನು?”

“ಬಟ್ಟಿ ಬಿಗದಾರಲ್ಲ, ಮೂಗಷ್ಟ ಕಾಣ್ತದ.”

ಮಧ್ಯಾಹ್ನದ ಹೊತ್ತಿಗೆ ಸಾವ್ಕಾರರ ಅಂಗಡಿಗೆ ಗುಂಪು ಗುಂಪಾಗಿ ಜನ ಬಂದರು. ಪ್ರತಿ ಗುಂಪಿಗೂ ಅದು ಇನ್ನೊಂದು ಗುಂಪಿನವರ ಮೂರ್ತಿ ಎಂಬುದು ಖಾತ್ರಿಯಾಗಿತ್ತು. ಮಾತು ಮೆತ್ತಗಿತ್ತು, ಕಣ್ಣು ಕೆಂಪಗಿತ್ತು. ನಾನು ಮುಂದೆ ಹೋಗಿ, “ಯಾರ್ದೂ ಅಲ್ರೀ,” ಎಂದೆ.

“ಯಾರ್ದೂ ಅಲ್ದಿದ್ರ ಮುಚ್ಚೀರಿ ಯಾಕ?” ಎಂದರು ಒಬ್ಬರು.

ಸರಿ, ಎಲ್ಲರನ್ನೂ ಕರೆದುಕೊಂಡು ಹೋಗಿ, ಎಲ್ಲರ ಕಣ್ಣೆದುರೇ ಹಗ್ಗ ಬಿಚ್ಚಿ ಬಟ್ಟೆ ಎಳೆದೆ. ಬಿದಿರು. ಒಳಗೆ ಗಾಳಿ. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ರುಮಾಲಿನ ಮುದುಕರು ಹತ್ತಿರ ಬಂದು, ಗುಟ್ಟಿನ ದನಿಯಲ್ಲಿ ಕೇಳಿದರು. “ಮೂರ್ತಿ ಎಲ್ಲಿಗಿ ಸಾಗಿಸೀರಿ ತಮ್ಮಾ?”

ಸಂಜೆಯೊಳಗೆ ಮೂರು ಕತೆ ತಯಾರಾದವು. ಹೆದರಿ ಬೆಳಗಿನ ಜಾವವೇ ತೆಗೆದರು ಎಂಬುದು ಒಂದು. ಹುಮನಾಬಾದಿನವರು ಕದ್ದರು ಎಂಬುದು ಇನ್ನೊಂದು. ಪೇಂಟರ್ ಮಾರಿಕೊಂಡ ಎಂಬುದು ಮೂರನೆಯದು, ಎಲ್ಲರಿಗೂ ಹಿಡಿಸಿದ್ದು. ನಮ್ಮ ಅವ್ವನೂ ಆ ವಾರ ನನ್ನ ಚೀಲ ತಡವಿ ನೋಡಿದಳು.

ಬಂದೋಬಸ್ತಿಗೆ ಬಂದ ಹವಾಲ್ದಾರರು ಬಿದಿರಿನ ಸುತ್ತ, ಆ ಮಣ್ಣಿನ ಜಾಗ ಪೂರ್ತಿ ಒಳಗೊಳ್ಳುವಂತೆ, ಹಗ್ಗ ಕಟ್ಟಿಸಿದರು. ಒಳಗೆ ಏನೂ ಇಲ್ಲವಲ್ಲ ಎಂದು ಕೇಳಿದ್ದಕ್ಕೆ, “ಏನೂ ಇಲ್ಲಂದ್ರೇ ಡೇಂಜರ್. ಕಟ್ಟಿ ಖಾಲಿ ಅದ. ಯಾರರ ತಂದು ಕುಂದ್ರಿಸಿಬಿಟ್ರ ನಾ ಎಲ್ಲಿಗೆ ಹೋಗ್ಲಿ?” ಎಂದರು. ಸರಿಯಾದ ಮಾತೇ. ಸಾವ್ಕಾರರೂ ಬಿದಿರು ಕೀಳಿಸಲು ಒಪ್ಪಲಿಲ್ಲ. ಕಿತ್ತರೆ ಹೆದರಿದೆವು ಎಂದಾಗುತ್ತದೆ. ಬರುವ ಸೋಮವಾರ ಪಾಯ ತೋಡಿಸಿ ನಿಜವಾದ ತೆನೆಯನ್ನೇ ನಿಲ್ಲಿಸುವುದು, ಸುತ್ತ ಕಬ್ಬಿಣದ ಬೇಲಿ ಹಾಕಿಸುವುದು ಎಂದು ನಿರ್ಧಾರವಾಯಿತು.

ಕಾಶಮ್ಮ ಬಂದದ್ದು ಅದಾದ ಮೂರು ದಿನಕ್ಕೆ. ನಾನು ಸಾವ್ಕಾರರ ಅಂಗಡಿಯಲ್ಲಿ ಬೇಲಿಯ ಡಿಸೈನ್ ತೋರಿಸುತ್ತ ಕೂತಿದ್ದೆ. ಕೊಹಿನೂರ ಊರಿನ ಹೆಣ್ಣುಮಗಳು, ನಲವತ್ತರ ಆಸುಪಾಸು. ಸೆರಗು ಸೊಂಟಕ್ಕೆ ಸಿಗಿಸಿ, ಬುತ್ತಿಯ ಗಂಟು ಬಗಲಲ್ಲಿಟ್ಟುಕೊಂಡು ಮೆಟ್ಟಿಲ ಕೆಳಗೆ ನಿಂತಳು. ಹಿಂದೆ ಅವಳಂತೆಯೇ ಬುತ್ತಿ ಹಿಡಿದ ಹತ್ತಾರು ಹೆಂಗಸರು, ಗಂಡಸರು.

“ಆ ಬಟ್ಟಿಗೊಂಬಿ ನಿಂದ್ರಿಸಿದ ಸಾಹೇಬ್ರು ಯಾರ್ರಿ?” ಎಂದು ಕೇಳಿದಳು.

ಸಾವ್ಕಾರರು ಬಹಳ ಉದಾರವಾಗಿ ನನ್ನತ್ತ ಕೈ ತೋರಿಸಿದರು.

“ಮೂರು ದಿನ ಆತ್ರಿ, ನಮಗ ಕೂಲಿ ಸಿಕ್ಕಿಲ್ಲ. ಕಟ್ಟಿದ ಬುತ್ತಿ ಕಟ್ಟಿದಾಂಗೇ ಮನಿಗೆ ಒಯ್ಯಾಕತ್ತೇವಿ. ನಮ್ಮ ಅಡ್ಡಾಕ ಹಗ್ಗ ಬಿಗದೀರಿ.”

ಅಡ್ಡಾ ಎಂದರೆ ಕೂಲಿಯವರು ಬೆಳಿಗ್ಗೆ ಬಂದು ಕೆಲಸಕ್ಕಾಗಿ ಕಾಯುವ ಜಾಗ. ಮನೆ ಕಟ್ಟಿಸುವವರು, ರಾಶಿ ಮಾಡಿಸುವವರು ಅಲ್ಲಿಗೆ ಬಂದು ಬೇಕಾದಷ್ಟು ಜನರನ್ನು ಕರೆದೊಯ್ಯುತ್ತಾರೆ. ಅದು ನನಗೆ ಗೊತ್ತಿತ್ತು. ಅದು ಎಲ್ಲಿದೆ ಎಂಬುದು ಗೊತ್ತಿರಲಿಲ್ಲ. ನಾನು ನಕ್ಷೆ ಬಿಚ್ಚಿದೆ. ಹಳದಿ ಬಣ್ಣದ ಮೇಲೆ ಬೆರಳಿಟ್ಟು, “ಒಂದು ವಾರ ನೋಡೀನ್ರಿ ಅಕ್ಕಾರ. ಇಲ್ಲಿ ಯಾರೂ ಇರಲಿಲ್ಲ,” ಎಂದೆ.

“ಎಷ್ಟು ಗಂಟೇಕ ಬಂದಿದ್ರಿ?”

“ಹತ್ತರ ಮ್ಯಾಲ.”

ಹಿಂದಿದ್ದವರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಕಾಶಮ್ಮ ನಗಲಿಲ್ಲ. “ಹತ್ತಕ್ಕ ನಾವು ಅಲ್ಲಿ ಯಾಕ ಇರ್ತೀವ್ರಿ? ಕೆಲಸದ ಮ್ಯಾಲ ಇರ್ತೀವಿ. ಜಾಗ ಖಾಲಿ ಇದ್ರೇ ನಮಗ ಛಲೋ ದಿನ.”

“ಹಗ್ಗದ ಆಚಿ ಕಡೆ ನಿಂದ್ರಬೇಕಿಲ್ಲೇನವಾ,” ಎಂದರು ಸಾವ್ಕಾರರು. “ನೀರಿನ ಟಾಕಿ ಕಡೆ ಅಷ್ಟು ದೊಡ್ಡ ಜಾಗ ಅದ.”

“ನಿಂತೇವ್ರಿ. ಹವಾಲ್ದಾರ್ರು ಅಲ್ಲಿಗೇ ಅಟ್ಟಿದ್ರು. ಅಲ್ಲಿ ನೆರಳು, ಥಂಡಿ. ಅದೂ ತಡೀತೇವಿ. ಆದ್ರ ಕರಿಯೋರು ಅಡ್ಡಾಕ ಬಂದು, ಹಗ್ಗ ನೋಡಿ, ಇವತ್ತು ಯಾರೂ ಬಂದಿಲ್ಲಂತ ಹೊಳ್ಳಿ ಹೋಗ್ತಾರ. ನಾವು ಕೂಗಿ ಕರೀಬೇಕೇನು?”

ಸಾವ್ಕಾರರು ಇನ್ನೇನೋ ಹೇಳುವಷ್ಟರಲ್ಲಿ ಅವರ ಮುನೀಮ ಬೆವರು ಒರೆಸುತ್ತ ಒಳಗೆ ಬಂದ. “ಇವತ್ತೂ ಸಿಗಲಿಲ್ರಿ ಯಜಮಾನ್ರ. ತೊಗರಿ ಹಸನು ಮಾಡಾಕ ಒಂದು ಹೆಣ್ಣಾಳಿಲ್ಲ. ಅಡ್ಡಾ ಬಿಕೋ ಅನ್ನಾಕತ್ತದ. ಮಂದಿ ಎಲ್ಲಿ ಹೋಗ್ಯಾರೋ ಏನೋ.”

ಮುನೀಮ ತಿರುಗಿ ಮೆಟ್ಟಿಲ ಕೆಳಗೆ ನೋಡಿ, ಅಲ್ಲಿದ್ದವರನ್ನೆಲ್ಲ ಕಂಡು, ಟೋಪಿ ತೆಗೆದು ಮತ್ತೆ ಹಾಕಿಕೊಂಡ.

ಸಾವ್ಕಾರರು ಅಂದು ಆ ಹೆಂಗಸರನ್ನೆಲ್ಲ ತೊಗರಿ ಕೆಲಸಕ್ಕೆ ಕರೆದರು. ಹವಾಲ್ದಾರರಿಗೆ ಹೇಳಿ ಸೋಮವಾರದ ತನಕ ಹಗ್ಗವನ್ನೂ ಬಿಚ್ಚಿಸಿದರು. ಇಷ್ಟಕ್ಕೆ ವಿಷಯ ಮುಗಿಯಿತೆಂದು ಅವರ ಮುಖ ಹೇಳುತ್ತಿತ್ತು. ಕಾಶಮ್ಮ ಮಾತ್ರ ಹೋಗುವಾಗ ನಿಂತು ಕೇಳಿದಳು. “ಸೋಮವಾರ ಬೇಲಿ ಹಾಕಿದ ಮ್ಯಾಲ?”

“ಅದು ಪೇಂಟರ್ ನೋಡ್ತಾನ,” ಎಂದರು ಸಾವ್ಕಾರರು, ಮತ್ತೆ ಅಷ್ಟೇ ಉದಾರವಾಗಿ.

ಪೇಂಟರ್ ನೋಡಬೇಕಾಗಿ ಬಂದದ್ದರಿಂದ ಮರುದಿನ ರಾಜೇಶ್ವರದಿಂದ ಮೊದಲ ಬಸ್ಸು ಹಿಡಿದೆ. ಅಂಥ ಬಸ್ಸೊಂದು ಇದೆ ಎಂಬುದನ್ನು ನಾನು ಅಲ್ಲಿಯವರೆಗೆ ಬರೀ ಕೇಳಿ ತಿಳಿದಿದ್ದೆ. ಕಂಡಕ್ಟರ್ ನನ್ನ ಮುಖ ನೋಡಿ, ಆಸ್ಪತ್ರೆಗೇನು ಎಂದು ಅನುಕಂಪದಿಂದ ಕೇಳಿದ.

ಇಳಿದು ನೋಡಿದರೆ ನನ್ನ ಖಾಲಿ ಜಾಗದಲ್ಲಿ ಕಾಲಿಡಲು ಜಾಗವಿಲ್ಲ. ಕರಣೆ ಹಿಡಿದ ಗಾರೆಯ ಗೌಂಡಿಗಳು ಒಂದು ಕಡೆ, ಬುಟ್ಟಿ ಹೊರುವವರು ಇನ್ನೊಂದು ಕಡೆ, ರಾಶಿಯ ಕೆಲಸದವರು ಚಹಾದಂಗಡಿಯ ಪಕ್ಕ. ಎಲ್ಲರೂ ಎಳೆಬಿಸಿಲಿಗೆ ಮುಖ ಕೊಟ್ಟು ನಿಂತಿದ್ದರು. ನನ್ನ ಬಿದಿರಿಗೆ ಬುತ್ತಿಗಳನ್ನು ತೂಗುಹಾಕಿದ್ದರು. ಆ ಮಾಕಪ್ಪಿನಿಂದ ಆದ ಮೊದಲ ಉಪಯೋಗ ಅದು. ನಾನೂ ಸ್ವೆಟರ್ ಹಾಕಿಕೊಂಡು ಅವರ ನಡುವೆ ನಿಂತೆ. ಟೆಂಪೋದಿಂದ ಇಳಿದ ಗುತ್ತೇದಾರನೊಬ್ಬ ಆಳು ಆರಿಸುತ್ತ ಬಂದು ನನ್ನೆದುರು ನಿಂತ. ನನ್ನ ಅಂಗೈ ತಿರುಗಿಸಿ ನೋಡಿದ. “ಇಂವ ಬ್ಯಾಡ,” ಎಂದು ಮುಂದೆ ಹೋದ. “ಬುಟ್ಟಿ ಕೊಟ್ರ ಬುಟ್ಟಿ ಸಮೇತ ಬೀಳ್ತಾನ.” ನನ್ನ ವೃತ್ತಿಜೀವನದಲ್ಲಿ ನನ್ನ ಸಾಮರ್ಥ್ಯವನ್ನು ಅಷ್ಟು ಬೇಗ ಅಳೆದವರು ಇನ್ನೊಬ್ಬರಿಲ್ಲ.

ಯಾರೂ ಕರೆಯದ ಮೇಲೆ ಮಾಡುವುದೇನು? ನಿಂತೆ. ನಿಂತವನಿಗೆ ನೋಡುವುದೊಂದೇ ಕೆಲಸ. ಆಗ ನನಗೆ ಒಂದು ವಿಚಿತ್ರ ಕಂಡಿತು. ಅಲ್ಲಿದ್ದವರೆಲ್ಲ ನೋಡುತ್ತಲೇ ಇದ್ದರು. ಯಾವ ಟೆಂಪೋ ಬಂತು, ಯಾರಿಳಿದರು, ಯಾರು ಯಾವ ಕಡೆ ಹೋದರು, ಒಂದೂ ಬಿಡುತ್ತಿರಲಿಲ್ಲ. ಟೆಂಪೋ ಇಲ್ಲದಾಗ ಅವರ ಕಣ್ಣೆಲ್ಲ ಹೋಗಿ ನಿಲ್ಲುತ್ತಿದ್ದದ್ದು ರಸ್ತೆಯಾಚೆ, ನೀರಿನ ಟಾಕಿಯ ಪಕ್ಕದ ಬೋಳು ಗೋಡೆಯ ಮೇಲೆ. ಗಂಟೆಗಟ್ಟಲೆ. ಇಡೀ ಊರಿನಲ್ಲಿ ಅಷ್ಟು ಹೊತ್ತು ಅಷ್ಟು ಜನ ನೋಡುವ ಇನ್ನೊಂದು ಜಾಗ ಇರಲಿಲ್ಲ. ಅಲ್ಲಿ ನೋಡಲು ಏನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಸಾವ್ಕಾರರನ್ನು ಒತ್ತಾಯಿಸಿ ಕರೆತಂದು ಚಹಾದಂಗಡಿಯ ಬೆಂಚಿನ ಮೇಲೆ ಕೂರಿಸಿದೆ. ಮಿಸ್ತ್ರಿಯೂ ಬಂದ. ಬೇಲಿ ಬೇಡ, ತೆನೆ ಟಾಕಿಯ ಕಡೆ ಇರಲಿ ಎಂದೆ. ಸಾವ್ಕಾರರ ಹುಬ್ಬು ಮೇಲೇರಿತು.

“ಬಸ್ಸಿಗೆ ಬೆನ್ನು ಆಗ್ತದಲ್ಲೋ ಅದು. ಹುಮನಾಬಾದ ಮಂದಿ ನೋಡೋದು ಹ್ಯಾಂಗ?”

“ಈಗ ಬಸ್ಸು ಬರ್ತದ. ಬಿದಿರು ಎದುರಿಗೇ ಅದ. ಅವ್ರು ಹ್ಯಾಂಗ ನೋಡ್ತಾರೋ ನೋಡ್ರಿ,” ಎಂದೆ. ಒಬ್ಬ ಪ್ರಯಾಣಿಕ ಕತ್ತೆತ್ತಿ ನೋಡಿದ್ದರೂ ಸಾಕು, ನನ್ನ ವಾದ ಅಲ್ಲೇ ಸತ್ತು, ಸೋಮವಾರ ಬೇಲಿ ಏಳುತ್ತಿತ್ತು. ಕಾಶಮ್ಮ ಬಿದಿರಿನ ಪಕ್ಕದಲ್ಲೇ ನಿಂತು ನಮ್ಮನ್ನೇ ನೋಡುತ್ತಿದ್ದಳು.

ಹುಮನಾಬಾದಿನ ಬಸ್ಸು ಬಂತು. ಜನ ಇಳಿದರು. ಒಬ್ಬ ಕಾಲಡಿಯ ಮೆಟ್ಟಿಲು ನೋಡಿದ. ಒಬ್ಬಳು ಮಗುವಿನ ಚಪ್ಪಲಿ ನೋಡಿದಳು. ಒಬ್ಬ ಬಸ್ಸಿನ ಮೇಲಿದ್ದ ತನ್ನ ಮೂಟೆ ನೋಡಿದ. ಉಳಿದವರು ಆಟೋ ನೋಡಿದರು. ಊರಿಗೆ ಊರೇ ಮೂರು ಕತೆ ಕಟ್ಟಿದ್ದ ಆ ಬಿದಿರನ್ನು ಯಾರೂ ನೋಡಲಿಲ್ಲ. ಸಾವ್ಕಾರರಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಬಿಳಿ ಅಂಗಿಯವರೊಬ್ಬರನ್ನು ನಿಲ್ಲಿಸಿದರು.

“ನಮಸ್ಕಾರ್ರಿ. ಇಳದ ಕೂಡಲೇ ಎದುರಿಗೆ ಏನು ಕಾಣಿಸ್ತು ನಿಮಗ?”

ಆ ಮನುಷ್ಯ ಅವಸರದಲ್ಲಿ ಆ ಕಡೆ ಈ ಕಡೆ ನೋಡಿದರು. “ಅದನ್ನೇ ಹುಡುಕಾಕತ್ತೇನ್ರಿ. ಮೂತ್ರಿಖಾನಿ ಎಲ್ಲದ?”

ಮಿಸ್ತ್ರಿ ಚಹಾ ಉಗುಳಿ ನಕ್ಕ. ಸಾವ್ಕಾರರು ಬೆರಳು ತೋರಿಸಿ ಅವರನ್ನು ಕಳಿಸಿ, ಬಂದು ಬೆಂಚಿನ ಮೇಲೆ ಕೂತರು. ಆಮೇಲೆ ಅಡ್ಡಾದವರನ್ನು ನೋಡಿದರು, ಅವರು ನೋಡುತ್ತಿದ್ದ ಗೋಡೆಯನ್ನು ನೋಡಿದರು.

“ಮಿಸ್ತ್ರಿ, ನೀ ಏನಂತಿ?”

“ಬಸ್ಸಿನ ಮಂದಿ ಇವತ್ತು ಇರ್ತಾರ, ನಾಳಿಗೆ ಇಲ್ಲ ಸಾವ್ಕಾರ್ರ. ಇವ್ರು ರೋಜ್ ಬರ್ತಾರ. ಒಂದೊಂದ್ ಗುಂಡು ಬೆಸದೀನಿ. ರೋಜ್ ನೋಡೋರು ಇದ್ರ ನನಗ ಭೀ ಖುಷಿ.”

“ಅತ್ತಾಗೇ ನಿಂದ್ರಿಸ್ರಿ ಹಂಗಾರ,” ಎಂದರು ಸಾವ್ಕಾರರು. ಎದ್ದು ಹೊರಟವರು ತಿರುಗಿ ನನ್ನ ಕಡೆ ಬೆರಳು ಆಡಿಸಿದರು. “ಮತ್ತ ಬಟ್ಟಿ ಗಿಟ್ಟಿ ಸುತ್ತಿದಿ ಅಂದ್ರ ನಿನ್ನನ್ನೇ ಅದ್ರಾಗ ಸುತ್ತತೀನಿ.”

ಸೋಮವಾರ ಟಾಕಿಯ ಪಕ್ಕ ಪಾಯ ತೋಡಿದ್ದು ಅಡ್ಡಾದವರೇ. ಬಿದಿರು ಚಹಾದಂಗಡಿಯ ಚಪ್ಪರಕ್ಕೆ ಹೋಯಿತು. ತೆನೆಯನ್ನು ಮಿಸ್ತ್ರಿ ತೆರೆದ ಲಾರಿಯಲ್ಲಿ, ಹಾಡುಹಗಲಲ್ಲಿ, ಊರೆಲ್ಲ ನೋಡುವಂತೆ ನಿಧಾನವಾಗಿ ತಂದ. ಹವಾಲ್ದಾರರು ಕೈಯಾರೆ ತಟ್ಟಿ ನೋಡಿ, ಒಳಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಚಹಾ ಕುಡಿದು ಹೋದರು. ಕೆಲವೇ ತಿಂಗಳಲ್ಲಿ ಅಡ್ಡಾದ ಹೆಸರೇ ಬದಲಾಯಿತು. ಆಳು ಬೇಕಾದವರಿಗೆ “ತೆನಿ ಮುಂದ ಹೋಗ್ರಿ” ಎನ್ನುವುದು ರೂಢಿಯಾಯಿತು. ನನಗೂ ಕೆಲಸ ಬೆಳೆಯಿತು. ಹುಮನಾಬಾದಿನಿಂದ ಹಿಡಿದು ಸುತ್ತಲಿನ ಊರುಗಳವರು, ಇಂಥವನ್ನು ಎಲ್ಲಿ ನಿಲ್ಲಿಸಬೇಕೆಂದು ಕೇಳಲು ನನ್ನನ್ನು ಕರೆಯತೊಡಗಿದರು. ನಾನು ಗಂಭೀರ ಮುಖ ಮಾಡಿಕೊಂಡು, ಮೊದಲ ಬಸ್ಸಿಗೆ ಬರುತ್ತೇನೆ ಎಂದು ಹೇಳುವುದನ್ನು ಕಲಿತೆ.

ಒಂದೆರಡು ವರ್ಷದ ಮೇಲೆ ಹೀಗೇ ಒಂದು ಬೆಳಿಗ್ಗೆ ಬೇರೆ ಊರಿಗೆ ಹೋಗಲು ಕಲ್ಯಾಣದಲ್ಲಿ ಬಸ್ಸು ಬದಲಿಸುವಾಗ ಅಡ್ಡಾದಲ್ಲಿ ಕಾಶಮ್ಮ ಕಂಡಳು. ಮೊದಲು ಟಾಕಿಯ ನೆರಳಲ್ಲಿರುವ ತೆನೆಯ ಮೇಲೆ, ಹೊತ್ತೇರಿದಂತೆ ಬಿಸಿಲು ಬಿದ್ದು ಅಷ್ಟೂ ಗುಂಡುಗಳು ಒಮ್ಮೆಲೇ ಹೊತ್ತಿಕೊಂಡಂತೆ ಹೊಳೆಯುತ್ತವೆ. ನನಗೆ ಆ ಹೊಳಪಿನ ಬಗ್ಗೆ ಭಾರಿ ಹೆಮ್ಮೆ, ಅದನ್ನೇನೋ ನಾನೇ ಲೆಕ್ಕ ಹಾಕಿ ಮಾಡಿದ್ದೇನೆ ಎಂಬಂತೆ. ಇನ್ನೂ ನೆರಳಿತ್ತು. ಹೊಗಳಿಕೆ ಕೇಳುವ ಆಸೆಯಿಂದಲೇ ಹೋಗಿ ಮಾತಾಡಿಸಿದೆ.

“ತೆನಿ ಬಿಸಲಿಗೆ ಹೊಳಿಯೋದು ನೋಡೀರೇನ್ರಿ ಅಕ್ಕಾರ? ಹ್ಯಾಂಗ ಅನಸ್ತದ?”

“ನೋಡೀನಿ ತಮ್ಮಾ. ಭಾಳ ಸಲ ನೋಡೀನಿ,” ಎಂದಳು. “ಅಷ್ಟೊತ್ತಿಗೆ ಕೆಲಸ ಸಿಕ್ಕೋರೆಲ್ಲ ಹೋಗಿರ್ತಾರ. ಅದು ಹೊಳಿಯೋ ಹೊತ್ತಿಗೆ ಇನ್ನೂ ಇಲ್ಲಿ ನಿಂತಿದ್ದೇವಿ ಅಂದ್ರ ಅವತ್ತಿನ ಕೂಲಿ ಹೋತು. ಚಂದ ಅದ, ಇಲ್ಲಂತ ಅನ್ನಂಗಿಲ್ಲ. ಆದ್ರ ಇವತ್ತು ಅದು ಹೊಳಿಯೋದು ನನ್ನ ಕಣ್ಣಿಗೆ ಬೀಳಬಾರದಪಾ ಅಂತ ದೇವರಿಗೆ ಕೈ ಮುಗದೇ ಮನಿ ಬಿಡ್ತೀನಿ.”

ಒಂದು ಟೆಂಪೋ ಬಂತು, ಅವಳು ಮಾತು ಅಲ್ಲಿಗೇ ಬಿಟ್ಟು ಓಡಿದಳು. ಗುಂಪಿನಲ್ಲಿ ಅವಳಿಗೆ ಕೆಲಸ ಸಿಕ್ಕಿತೋ ಇಲ್ಲವೋ ನನಗೆ ಕಾಣಲಿಲ್ಲ. ನನ್ನ ಬಸ್ಸನ್ನು ಬಿಟ್ಟೆ, ಟಾಕಿಯ ನೆರಳು ಸರಿಯುವ ತನಕ ಅಲ್ಲೇ ಸುತ್ತಾಡಿದೆ. ತೆನೆ ಹೊಳೆಯಿತು. ನಾನು ಅದಕ್ಕೆ ಬೆನ್ನು ಹಾಕಿ ಎದುರಿನ ಜಾಗ ನೋಡಿದೆ. ಏಳೆಂಟು ಜನ ಉಳಿದಿದ್ದರು. ಕಾಶಮ್ಮ ಇರಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಈಗಲೂ ಯಾವ ಊರಿನಲ್ಲಿ ಏನು ನಿಲ್ಲಿಸಿದರೂ, ನೋಡಲು ಹೋದಾಗ ಮೊದಲು ಅದಕ್ಕೆ ಬೆನ್ನು ಮಾಡಿ ನಿಲ್ಲುತ್ತೇನೆ.